ಅಧ್ಯಾಯ 4: ಮುಚ್ಚಳಿಕೆ ಎಷ್ಟರ ಮಟ್ಟಿಗೆ ಕಾಯುತ್ತದೆ?

ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್, ಕರಾಟೆ, ಜೂಡೊ, ಕುಸ್ತಿ. ಎದುರಾಳಿಯ ಮೈಮೇಲೆ ಬಲ ತೋರಿಸಿಯೇ ಗೆಲ್ಲಬೇಕಾದ ಈ ಆಟಗಳನ್ನೆಲ್ಲ ಸೇರಿಸಿ ಕಾಳಗದ ಆಟಗಳು ಎನ್ನೋಣ. ಹೊಟ್ಟೆಪಾಡಿಗಾಗಿ ಆಡದವರು ಹವ್ಯಾಸಿಗಳು. ಕಣ ಹಾಕಿಸಿ, ಪ್ರವೇಶ ಶುಲ್ಕ ಪಡೆದು, ಯಾರಿಗೆ ಯಾರು ಎದುರು ಎಂದು ಜೋಡಿ ಕಟ್ಟುವವರು ಸಂಘಟಕರು. ಈ ಅಧ್ಯಾಯ ಅವರಿಗಾಗಿ.

ಅನುಮತಿಗಳ ಮಾತನ್ನು ಬೇಗ ಮುಗಿಸಿಬಿಡೋಣ. ಜಾಗದ ಒಡೆಯರ ಒಪ್ಪಿಗೆ ಲಿಖಿತವಾಗಿರಲಿ. ಪೊಲೀಸರ ಅನುಮತಿಗೆ ಮೊದಲೇ ಅರ್ಜಿ ಕೊಡಿ. ಧ್ವನಿವರ್ಧಕಕ್ಕೂ ಅನುಮತಿ ಬೇಕು. ತೆರೆದ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದನ್ನು ಹಾಕುವಂತಿಲ್ಲ ಎನ್ನುತ್ತವೆ 2000ದ ಶಬ್ದಮಾಲಿನ್ಯ ನಿಯಮಗಳು. ಇವೆಲ್ಲ ಓಡಾಟದ ಕೆಲಸ, ಯಾರಾದರೂ ಮಾಡಿಯಾರು. ಜನ ಎಡವುವುದು ಇಲ್ಲಲ್ಲ.

ಸಹಿ ಮಾಡಿಸಿದರೆ ಸಾಕೆ?

“ಎಲ್ಲರ ಹತ್ತಿರವೂ ಮುಚ್ಚಳಿಕೆ ಬರೆಸಿಕೊಂಡಿದ್ದೇವೆ ಸಾರ್, ಏನಾದರೂ ಆದರೆ ನಾವು ಹೊಣೆಯಲ್ಲ ಅಂತ ಸಹಿ ಇದೆ.” ಈ ವಿಷಯ ಮಾತಾಡಲು ಹೋದ ಕಡೆಯೆಲ್ಲ ನನಗೆ ಮೊದಲು ಕೇಳಿಬರುವ ಮಾತು ಇದೇ. ಇದರಲ್ಲಿ ಅರ್ಧ ನಿಜವಿದೆ. ಆ ಅರ್ಧ ಯಾವುದೆಂದು ತಿಳಿಯಬೇಕು.

ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಂ ಒಪ್ಪಿಗೆಯ ಬಗ್ಗೆ ಹೇಳುತ್ತದೆ. ಹಿಂದೆ ಇದೇ ದಂಡಸಂಹಿತೆಯ 87ನೇ ಕಲಂ ಆಗಿತ್ತು. ಅದರ ಕೆಳಗಿರುವ ಉದಾಹರಣೆ ನನಗೆ ಬಹಳ ಇಷ್ಟ: ಇಬ್ಬರು ಮನರಂಜನೆಗಾಗಿ ಕತ್ತಿವರಸೆ ಆಡಲು ಒಪ್ಪುತ್ತಾರೆ, ಮೋಸವಿಲ್ಲದೆ ಆಡುವಾಗ ಒಬ್ಬನಿಂದ ಇನ್ನೊಬ್ಬನಿಗೆ ಗಾಯವಾದರೆ ಅದು ಅಪರಾಧವಲ್ಲ. 1860ರಲ್ಲಿ ಬರೆದ ಈ ನಾಲ್ಕು ಮಾತಿನ ಮೇಲೆ ಇಂದಿನ ಬಾಕ್ಸಿಂಗ್ ಕಣವೂ ನಿಂತಿದೆ.

ಆದರೆ ಈ ರಕ್ಷಣೆಗೆ ಬೇಲಿಗಳಿವೆ. ಮೊದಲನೆಯದು, ಸ್ಪರ್ಧಿ ಒಪ್ಪಿದ್ದು ಎದುರಾಳಿಯ ನ್ಯಾಯವಾದ ಪೆಟ್ಟಿಗೆ. ವೈದ್ಯರಿಲ್ಲದ ಕಣಕ್ಕೆ, ತೆಳುವಾದ ನೆಲಹಾಸಿಗೆ, ಬಾರದ ಆಂಬುಲೆನ್ಸಿಗೆ ಅವನು ಒಪ್ಪಿಲ್ಲ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 106ನೇ ಕಲಂನಡಿ 5 ವರ್ಷದವರೆಗೆ ಸೆರೆವಾಸವಾಗಬಹುದು. 2024ರ ಜುಲೈ 1ಕ್ಕೆ ಮುಂಚಿನ ಹಳೆಯ ಕಾನೂನಿನಲ್ಲಿ ಅದು 2 ವರ್ಷವಿತ್ತು. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಪೆಟ್ಟು ತಿಂದು ಬಿದ್ದ ಯುವಕ ಕೆಲ ದಿನಗಳಲ್ಲೇ ತೀರಿಕೊಂಡಾಗ, ಪ್ರಕರಣ ದಾಖಲಾದದ್ದು ನಿರ್ಲಕ್ಷ್ಯದ ಕಲಂನಡಿಯೇ.

ಎರಡನೆಯದು, 25ನೇ ಕಲಂ 18 ತುಂಬಿದವರ ಒಪ್ಪಿಗೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ತಂದೆತಾಯಿ ಸಹಿ ಹಾಕಿದರಲ್ಲ ಎನ್ನಬಹುದು. ಪೋಷಕರ ಒಪ್ಪಿಗೆಯ 27ನೇ ಕಲಂ 12 ತುಂಬದ ಮಕ್ಕಳಿಗೆ ಸಂಬಂಧಿಸಿದ್ದು. ಅದೂ ಮಗುವಿನ ಒಳಿತಿಗಾಗಿ ಮಾಡಿದ ಕೆಲಸಕ್ಕೆ ಮಾತ್ರ. ನಮ್ಮ ಪಂದ್ಯಗಳಲ್ಲಿ ಕಿಕ್ಕಿರಿದಿರುವ 13, 15, 17ರ ಮಕ್ಕಳು ಈ ಎರಡು ಕಲಮುಗಳ ನಡುವಿನ ತೆರಪಿನಲ್ಲಿ ನಿಂತಿದ್ದಾರೆ. ಅಪ್ರಾಪ್ತರು ಮಾಡಿದ ಕರಾರು ಅಸಿಂಧು ಎಂಬುದಂತೂ 1903ರಲ್ಲೇ ಪ್ರಿವಿ ಕೌನ್ಸಿಲಿನಲ್ಲಿ ತೀರ್ಮಾನವಾದ ಮಾತು.

ಮೂರನೆಯದು 28ನೇ ಕಲಂ: ಒಬ್ಬನು ತಪ್ಪು ತಿಳಿದು ಒಪ್ಪಿದ್ದಾನೆಂದು ನಮಗೆ ಗೊತ್ತಿದ್ದರೆ ಅದು ಒಪ್ಪಿಗೆಯೇ ಅಲ್ಲ. “ವೈದ್ಯರು ಇರುತ್ತಾರೆ” ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿ ಕರೆಸದಿದ್ದರೆ, ಕೈಯಲ್ಲಿರುವ ಸಹಿಗೆ ಏನು ಬೆಲೆ?

ಹಾಗೆಂದು ಮುಚ್ಚಳಿಕೆ ಬಿಡಬೇಡಿ. ಅದರ ನಿಜವಾದ ಉಪಯೋಗ ಬೇರೆ. ಮೂರ್ಛೆರೋಗ ಇದೆಯೇ, ತಲೆಗೆ ಕೊನೆಯ ಸಲ ಪೆಟ್ಟಾದದ್ದು ಯಾವಾಗ, ಯಾವ ಮಾತ್ರೆ ನುಂಗುತ್ತಿದ್ದಾರೆ ಎಂದು ಅದರಲ್ಲೇ ಕೇಳಿ. ಆಗ ಆ ಕಾಗದ ಸ್ಪರ್ಧಿಯನ್ನು ಕಾಯುತ್ತದೆ. ಸ್ಪರ್ಧಿ ಉಳಿದರೆ ಸಂಘಟಕರೂ ಉಳಿಯುತ್ತಾರೆ.

ಕಾಣುವ ರಕ್ತ, ಕಾಣದ ರಕ್ತ

ಮೈಸೂರು ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಒಂದು ನಿಯಮವಿದೆ. ಜಟ್ಟಿಯ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ನಿಶ್ಚಯಿಸಿಕೊಂಡೇ ಕಣಕ್ಕಿಳಿದ ಹಿರಿಯರ ವಿವೇಕ ಅದು. ಇಂದಿನ ಕೈಗವಸಿನ ಆಟಗಳಲ್ಲಿ ಕಷ್ಟವೇನೆಂದರೆ, ಕೊಲ್ಲುವ ರಕ್ತ ಹೊರಗೆ ಕಾಣುವುದಿಲ್ಲ.

ದವಡೆಗೆ ಬಿದ್ದ ಪೆಟ್ಟು ತಲೆಯನ್ನು ಥಟ್ಟನೆ ತಿರುಗಿಸುತ್ತದೆ. ಬುರುಡೆ ತಿರುಗಿದಷ್ಟು ಬೇಗ ಒಳಗಿನ ಮಿದುಳು ತಿರುಗದು. ಗಡಿಗೆಯನ್ನು ಗಿರ್ರೆಂದು ತಿರುಗಿಸಿದಾಗ ಒಳಗಿನ ನೀರು ಹಿಂದುಳಿಯುವ ಹಾಗೆ. ಆಗ ಮಿದುಳಿನ ಮೇಲ್ಮೈಯಿಂದ ಅದರ ಹೊದಿಕೆಗೆ ಹೋಗುವ ಸಣ್ಣ ರಕ್ತನಾಳಗಳು ಜಗ್ಗಿ ಹರಿಯಬಹುದು. ಅವು ಅಶುದ್ಧ ರಕ್ತದ ನಾಳಗಳು, ಒತ್ತಡ ಕಡಿಮೆ. ಆದ್ದರಿಂದ ರಕ್ತ ಮೆಲ್ಲಗೆ ಜಿನುಗುತ್ತದೆ. ಹುಡುಗ ಎದ್ದು ನಿಲ್ಲುತ್ತಾನೆ, ನೀರು ಕುಡಿಯುತ್ತಾನೆ, “ಆರಾಮಿದ್ದೀನಿ” ಎನ್ನುತ್ತಾನೆ. ಗಳಿಗೆ ಕಳೆದಂತೆ ತಲೆನೋವು, ವಾಂತಿ, ತೂಕಡಿಕೆ. ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಹಿಗ್ಗುತ್ತದೆ. “ಸುಸ್ತಾಗಿದೆ, ಮಲಗಲಿ ಬಿಡಿ” ಎಂದವರು ಉಳಿಸಬಹುದಾದ ಜೀವವನ್ನು ಕೈಚೆಲ್ಲುತ್ತಾರೆ.

ತಲೆಗವಚ ಹಾಕಿಸಿದರೆ ಸಾಕಲ್ಲವೇ? ಅದು ಹುಬ್ಬು ಒಡೆಯುವುದನ್ನು, ಚರ್ಮ ಸೀಳುವುದನ್ನು ತಡೆಯುತ್ತದೆ. ತಲೆ ತಿರುಗುವುದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಹಾಕಿಸಿ, ಆದರೆ ಅದನ್ನೇ ನಂಬಿ ಕೂರಬೇಡಿ.

ವ್ಯವಸ್ಥೆಗಳ ಲೆಕ್ಕವೆಲ್ಲ ಈ ಒಂದು ತಿಳಿವಿನಿಂದಲೇ ಹುಟ್ಟುತ್ತದೆ. ಕಣದ ಪಕ್ಕದಲ್ಲಿ ವೈದ್ಯರು ಕೂತಿರಬೇಕು. ಪಂದ್ಯ ನಿಲ್ಲಿಸಿ ಎಂದು ಅವರು ಹೇಳಿದರೆ ಮರುಮಾತಿಲ್ಲ. ಆಂಬುಲೆನ್ಸ್ ಬಾಗಿಲಿಗೆ ಮುಖ ಮಾಡಿ ನಿಂತಿರಬೇಕು, ಅದರ ಮುಂದೆ ಯಾರ ಬೈಕೂ ಇರಬಾರದು. ಅದು ಒಬ್ಬ ಸ್ಪರ್ಧಿಯನ್ನು ಕರೆದೊಯ್ದರೆ ಇನ್ನೊಂದು ಬರುವವರೆಗೆ ಪಂದ್ಯಗಳು ನಿಲ್ಲಬೇಕು. ಹತ್ತಿರದ ಆಸ್ಪತ್ರೆ ಸಾಲದು, ಸಿ.ಟಿ. ಸ್ಕ್ಯಾನ್ ಮತ್ತು ಮಿದುಳಿನ ಶಸ್ತ್ರಚಿಕಿತ್ಸಕರು ಇರುವ ಆಸ್ಪತ್ರೆ ಯಾವುದೆಂದು ಹಿಂದಿನ ದಿನವೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ತಲೆಗೆ ಪೆಟ್ಟಾದವರನ್ನು ಒಬ್ಬರನ್ನೇ ಬಸ್ಸು ಹತ್ತಿಸಬೇಡಿ. ಜೊತೆಗಿರುವವರ ಕೈಗೆ ಅಪಾಯದ ಲಕ್ಷಣಗಳನ್ನು ಬರೆದ ಚೀಟಿ ಕೊಡಿ. ಪೆಟ್ಟಿಗೆ ನೆಲಕಚ್ಚಿದವರನ್ನು ಕನಿಷ್ಠ 30 ದಿನ ಕಣಕ್ಕೆ ಬಿಡಬೇಡಿ, ಆ ಮೇಲೂ ವೈದ್ಯರು ನೋಡಿದ ನಂತರವೇ.

ಜೋಡಿ ಕಟ್ಟುವಾಗ ತೂಕದ ಜೊತೆಗೆ ವಯಸ್ಸು, ಆಡಿದ ಪಂದ್ಯಗಳ ಸಂಖ್ಯೆ ಎರಡನ್ನೂ ನೋಡಿ. ತೂಕ ಇಳಿಸಲು ನೀರು ಬಿಟ್ಟು ಬೆವರು ಹರಿಸುವ ಹುಚ್ಚನ್ನು ಕಂಡರೆ ತಡೆಯಿರಿ. 1997ರ ಕೊನೆಯಲ್ಲಿ ಕೆಲವೇ ವಾರಗಳ ಅಂತರದಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹಾಗೆ ಮಾಡಿಯೇ ಜೀವ ಕಳೆದುಕೊಂಡರು. ಅವರಿಗೆ ಎದುರಾಳಿಯ ಪೆಟ್ಟೇ ಬೇಕಾಗಲಿಲ್ಲ.

ಗರಡಿಯ ಮಣ್ಣಿಗೆ ಕೈಮುಗಿದು ಇಳಿಯುವ ನಾಡು ನಮ್ಮದು. ಈ ಆಟಗಳು ನಿಲ್ಲಬಾರದು, ಊರೂರಲ್ಲಿ ಬೆಳೆಯಬೇಕೆಂಬುದೇ ನನ್ನ ಆಸೆ. ಅದಕ್ಕಾಗಿಯೇ ಒಂದು ಬೇಡಿಕೆ. ಪಂದ್ಯದ ಕರಪತ್ರ ಅಚ್ಚಿಗೆ ಕೊಡುವ ಮುನ್ನ ನ್ಯಾಯ ಸಂಹಿತೆಯ 25ರಿಂದ 28ರವರೆಗಿನ ಕಲಮುಗಳನ್ನು ಉದಾಹರಣೆ ಸಮೇತ ಓದಿ. ಎರಡು ಪುಟವೂ ಆಗುವುದಿಲ್ಲ. ಊರಿನ ವೈದ್ಯರನ್ನು ಗರಡಿಗೆ ಕರೆದು, ತಲೆಗೆ ಪೆಟ್ಟಾದವನ ಕಣ್ಣಪಾಪೆ ನೋಡುವುದು ಹೇಗೆಂದು ತರಬೇತುದಾರರಿಗೆಲ್ಲ ಹೇಳಿಕೊಡಿಸಿ. “ಆರಾಮಿದ್ದೀನಿ” ಎನ್ನುವ ಹುಡುಗನ ಮುಖವನ್ನು ಇನ್ನೊಮ್ಮೆ ನೋಡುವವರು ಪ್ರತಿ ಕಣದ ಪಕ್ಕದಲ್ಲೂ ಒಬ್ಬರಿರಲಿ.