ಅಪ್ಪು ಕೊಟ್ಟದ್ದು ಯಾವ ಲೆನ್ಸು?

ರೀಲಿನ ಕಾಲದಲ್ಲಿ ಪ್ರೊಜೆಕ್ಟರಿನೊಳಗೆ ಅಣ್ಣಾವ್ರು ತಲೆಕೆಳಗಾಗಿ ನಿಂತಿರುತ್ತಿದ್ದರು ಅಂದ್ರೆ ನಂಬ್ತೀರಾ ಗೆಳೆಯರೇ? ಯಲ್ಲಾಪುರದಲ್ಲಿ ಟೂರಿಂಗ್ ಟಾಕೀಸಿನ ಡೇರೆ ಬಿದ್ದಾಗ ಆಪರೇಟರನ ಕೋಣೆಗೆ ಇಣುಕಿ ನಾನು ಕಣ್ಣಾರೆ ಕಂಡದ್ದು. "ಲೆನ್ಸು ಎಲ್ಲಾ ಉಲ್ಟಾ ಮಾಡ್ತದೆ ಮಾರಾಯಾ, ಅದ್ಕೇ ನಾವು ರೀಲನ್ನ ಮೊದ್ಲೇ ಉಲ್ಟಾ ಹಾಕೂದು" ಅಂದಿದ್ದ ಆಪರೇಟರು. ಲೆನ್ಸಿನ ಈಚೆ ಶೀರ್ಷಾಸನ, ಪರದೆ ಮೇಲೆ ಎದೆ ಸೆಟೆಸಿ ಎಂಟ್ರಿ! ಡೇರೆಯಲ್ಲಿ ಸಿಳ್ಳೋ ಸಿಳ್ಳು.

ನಮ್ಮ ಕಣ್ಣಿನೊಳಗೂ ಇದೇ ಆಟ. ಹಿಂಬದಿಯ ಪರದೆ ಇದೆಯಲ್ಲ, ಅಕ್ಷಿಪಟ, ಅದರ ಮೇಲೆ ಬೀಳುವ ಚಿತ್ರ ತಲೆಕೆಳಗು. ಅದನ್ನು ನೆಟ್ಟಗೆ ಎಂದು ಅರ್ಥ ಮಾಡಿಕೊಳ್ಳುವುದು ಮೆದುಳಿನ ಕೆಲಸ.

ಲೆನ್ಸು ಇಷ್ಟೆಲ್ಲ ಕರಾಮತ್ತು ಮಾಡುವುದು ಹೇಗೆ? ಗಾಳಿಯಲ್ಲಿ ಬೆಳಕಿನ ಓಟ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಗಾಜಿನೊಳಗೆ ಹೊಕ್ಕರೆ ಸುಮಾರು 2 ಲಕ್ಷಕ್ಕೆ ಇಳಿಯುತ್ತದೆ. ನಮ್ಮ ಕಡೆಯ ಮಳೆಗಾಲದಲ್ಲಿ ಡಾಂಬರಿನಿಂದ ಓರೆಯಾಗಿ ಕೆಸರಿಗಿಳಿದ ಬಸ್ಸನ್ನು ನೆನೆಸಿಕೊಳ್ಳಿ. ಮೊದಲು ಕೆಸರು ಮುಟ್ಟಿದ ಚಕ್ರ ನಿಧಾನ. ಆ ಕಡೆಯದು ಇನ್ನೂ ಓಟದಲ್ಲೇ ಇದೆ. ಬಸ್ಸು ಸೊಟ್ಟ ತಿರುಗದೆ ಇನ್ನೇನು ಮಾಡೀತು? ಬೆಳಕೂ ಹಾಗೇ ಬಾಗುತ್ತದೆ. ನಡುವೆ ಉಬ್ಬಿದ ಗಾಜಾದರೆ ಎಲ್ಲ ಬದಿಯ ಕಿರಣಗಳೂ ಬಾಗಿ ಬಂದು ಒಂದೇ ಕಡೆ ಕೂಡುತ್ತವೆ. ಅದೇ ಫೋಕಸ್ಸು.

ಶೂಟಿಂಗಿನಲ್ಲಿ ನಾಯಕಿ ಹತ್ತಿರ ಬಂದಂತೆಲ್ಲ ಫೋಕಸ್ ಪುಲ್ಲರ್ ಲೆನ್ಸಿನ ಬಳೆ ತಿರುಗಿಸುತ್ತಾನೆ, ಒಳಗಿನ ಗಾಜು ಹಿಂದೆ ಮುಂದೆ ಸರಿಯುತ್ತದೆ. ಮೀನಿನ ಕಣ್ಣೂ ಅದೇ ಜಾತಿಯದು. ನಮ್ಮ ಕಣ್ಣಿನ ಮಸೂರ ಮಾತ್ರ ಕೂತಲ್ಲೇ ಕೂತು ಆಕಾರ ಬದಲಿಸುತ್ತದೆ. ಹತ್ತಿರದ್ದನ್ನು ನೋಡುವಾಗ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಮಸೂರವನ್ನು ಎಳೆದು ಹಿಡಿದ ಎಳೆಗಳು ಸಡಿಲಾಗುತ್ತವೆ, ಅದು ಉಬ್ಬಿಕೊಳ್ಳುತ್ತದೆ. ನಲವತ್ತು ದಾಟಿದರೆ ಅದೂ ಗಡಸು. ಬಸ್ ಟಿಕೆಟ್ ಓದಲು ಕೈಯನ್ನು ಮಾರುದ್ದ ಚಾಚುವ ಮಾವಂದಿರನ್ನು ನೀವು ನೋಡಿಲ್ಲವೇ!

ಆದರೆ ಈ ಮಸೂರದ್ದು ಸೈಡ್ ರೋಲು. ಬೆಳಕನ್ನು ಬಾಗಿಸುವ ಕೆಲಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಕಣ್ಣಿನ ಎದುರಿಗೆ ಗಡಿಯಾರದ ಗಾಜಿನಂತೆ ಕೂತ ಕಾರ್ನಿಯಾದ್ದು. ದಪ್ಪ ಎಷ್ಟು? ನಡುಮಧ್ಯದಲ್ಲಿ ಸುಮಾರು ಅರ್ಧ ಮಿಲಿಮೀಟರ್! ಪುರಾವೆ ಬೇಕಾದರೆ ಬೇಡ್ತಿ ಹೊಳೆಯಲ್ಲಿ ಮುಳುಗಿ ಕಣ್ಣು ಬಿಟ್ಟವರನ್ನು ಕೇಳಿ. ನೀರಡಿ ಎಲ್ಲ ಮಸುಕು ಮಸುಕು. ನೀರಿನಲ್ಲೂ ಕಾರ್ನಿಯಾದಲ್ಲೂ ಬೆಳಕಿನ ವೇಗ ಹೆಚ್ಚುಕಡಿಮೆ ಒಂದೇ. ಕೆಸರಿನಿಂದ ಕೆಸರಿಗೇ ಹೋದ ಬಸ್ಸು ಎಲ್ಲಿಂದ ತಿರುಗೀತು?

ಈಗ ಅಸಲು ವಿಷಯ. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ತಮ್ಮ ಹೆಸರಿನ ಐ ಬ್ಯಾಂಕ್ ಶುರುವಾದಾಗ ಅಣ್ಣಾವ್ರು ಇಡೀ ಮನೆಯವರ ಕಣ್ಣು ಕೊಡುವುದಾಗಿ ಮಾತು ಕೊಟ್ಟರು. 2006ರ ಏಪ್ರಿಲ್ 12ರಂದು ತಾವೇ ಅದನ್ನು ನಡೆಸಿಕೊಟ್ಟರು. 2017ರಲ್ಲಿ ಪಾರ್ವತಮ್ಮನವರು. 2021ರ ಅಕ್ಟೋಬರ್ 29ರಂದು, ಯಾರೂ ಎಣಿಸದ ಹೊತ್ತಿನಲ್ಲಿ, ಅಪ್ಪು.

"ಅಪ್ಪು ಕಣ್ಣಲ್ಲಿ ಇನ್ನೊಬ್ಬರು ಲೋಕ ನೋಡ್ತಿದ್ದಾರೆ" ಅಂತೀವಲ್ಲ, ಮಾತೇನೋ ಚೆಂದ. ಆದರೆ ನೋಟ ಬರುವಂತೆ ಇಡೀ ಕಣ್ಣನ್ನೇ ಕೂಡಿಸುವುದು ಈವರೆಗೆ ಯಾವ ಡಾಕ್ಟರ ಕೈಯಲ್ಲೂ ಆಗಿಲ್ಲ. ಕೂಡಿಸುವುದು ಆ ಅರ್ಧ ಮಿಲಿಮೀಟರಿನ ಕಾರ್ನಿಯಾವನ್ನು. ಅಪ್ಪು ಕೊಟ್ಟದ್ದನ್ನು ವೈದ್ಯರು ಪದರ ಬಿಡಿಸಿದರು. ಮುಂದಿನ ಪದರ ಒಬ್ಬರಿಗೆ, ಹಿಂದಿನದು ಇನ್ನೊಬ್ಬರಿಗೆ. ಎರಡು ಕಣ್ಣು, ನಾಲ್ವರಿಗೆ ನೋಟ! ಅಪ್ಪು ಡ್ಯಾನ್ಸಿಗೆ ಕುಣಿದವರು ಈ ಲೆಕ್ಕಕ್ಕೂ ಒಂದು ಸಿಳ್ಳೆ ಹೊಡೆಯಬೇಕು.

ಅಭಿಮಾನದಲ್ಲಿ ಫಾರಂ ತುಂಬಿದ ಹುಡುಗರೇ, ಒಂದು ಕಿವಿಮಾತು. ಉಸಿರು ನಿಂತ ಆರು ಗಂಟೆಯೊಳಗೆ ಕಾರ್ನಿಯಾ ತೆಗೆಯಬೇಕು. ಬೆಂಗಳೂರಿನ ಆರು ಗಂಟೆ ಬೇರೆ. ಜಡಿಮಳೆಯ ರಾತ್ರಿ ಯಲ್ಲಾಪುರದ ಕಾಡಿನ ನಡುವಿನ ಒಂಟಿಮನೆಯ ಆರು ಗಂಟೆ ಬೇರೆ. ಹುಬ್ಬಳ್ಳಿಯೇ ಸುಮಾರು 70 ಕಿಲೋಮೀಟರ್. ಫಾರಂ ಪೆಟ್ಟಿಗೆಯಲ್ಲಿದ್ದು ಮನೆಯವರಿಗೇ ಸುದ್ದಿ ಇಲ್ಲದಿದ್ದರೆ ಏನು ಬಂತು? ಅಪ್ಪು ಕ್ಯಾಲೆಂಡರ್ ಪಕ್ಕದಲ್ಲೇ ಹತ್ತಿರದ ಐ ಬ್ಯಾಂಕಿನ ನಂಬರು ಬರೆದಿಡಿ. ಫೋನು ಮೊದಲು, ಅಳು ಆಮೇಲೆ. ಬರುವವರು ಬರುವ ತನಕ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ಫ್ಯಾನು ಆರಿಸಿ, ತಲೆಯಡಿ ದಿಂಬು ಕೊಡಿ. ಅರ್ಧ ಗಂಟೆಯೊಳಗಿನ ಕೆಲಸ, ಮುಖ ಕೆಡುವುದಿಲ್ಲ.

"ನನ್ನದು ಪೊರೆ ಆಪರೇಷನ್ ಆದ ಕಣ್ಣು, ಯಾರಿಗೆ ಬೇಕೋ ತಮಾ" ಅಂತ ಅಜ್ಜ ಅಂದರೆ ಹೇಳಿ: ಪೊರೆ ಬಂದದ್ದು ಒಳಗಿನ ಮಸೂರಕ್ಕೆ ಅಜ್ಜಾ, ಮುಂದಿನ ಗಾಜಿಗಲ್ಲ.