ಪಣದ ದರದಲ್ಲಿ ಅಡಗಿರುವ ಲಾಭಾಂಶ

ಕ್ರೀಡಾ ಪಣದ ದರವೆಂಬುದು ಒಂದು ಬಗೆಯ ಮಾರಾಟ ಬೆಲೆ. ಆದರೆ ಮಾರುವವನ ಲಾಭಾಂಶವು ಅದರಲ್ಲಿ ಪ್ರತ್ಯೇಕವಾಗಿ ನಮೂದಾಗಿರುವುದಿಲ್ಲ. ಲೆಕ್ಕ ಬಲ್ಲ ವರ್ತಕರೂ ಎಡವುವುದು ಇಲ್ಲಿಯೇ.

ಪರವಾನಗಿ ಪಡೆದ ಬುಕ್‌ಮೇಕರ್‌ಗಳು ವ್ಯವಹರಿಸುವ ಬ್ರಿಟನ್ನಿನಲ್ಲಿ ದರವನ್ನು ಎರಡು ರೀತಿಯಲ್ಲಿ ಸೂಚಿಸುವುದುಂಟು. ‘ಒಂದಕ್ಕೆ ಐದು’ ಎಂದರೆ 100 ಪೌಂಡಿನ ಪಣ ಗೆದ್ದಾಗ 500 ಪೌಂಡ್ ಲಾಭ. ಅಸಲು ಬೇರೆ ಮರಳುತ್ತದೆ. ಇದನ್ನೇ ದಶಮಾಂಶದಲ್ಲಿ 6.00 ಎಂದು ಬರೆಯುತ್ತಾರೆ. 1ನ್ನು ಈ ಸಂಖ್ಯೆಯಿಂದ ಭಾಗಿಸಿದರೆ ದರವು ಸೂಚಿಸುವ ಗೆಲುವಿನ ಸಂಭವ ದೊರೆಯುತ್ತದೆ: ಸುಮಾರು ಶೇ. 16.7. 2015-16ರ ಇಂಗ್ಲಿಷ್ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಋತುವಿನ ಆರಂಭದಲ್ಲಿ ಲೆಸ್ಟರ್ ಸಿಟಿ ತಂಡಕ್ಕೆ ಒಂದಕ್ಕೆ 5,000 ದರವಿತ್ತು. ತಂಡ ಪ್ರಶಸ್ತಿ ಗೆದ್ದಿತು. ಇಂತಹ ಅಪರೂಪದ ಗೆಲುವು ಜನರ ನೆನಪಿನಲ್ಲಿ ಉಳಿಯುತ್ತದೆ. ದಿನನಿತ್ಯದ ಲೆಕ್ಕ ಉಳಿಯುವುದಿಲ್ಲ.

ಆ ಲೆಕ್ಕ ಹೀಗಿದೆ. ಸಮಬಲದ ಎರಡು ತಂಡಗಳಿಗೂ 1.90 ದರವಿದೆ ಎಂದಿಟ್ಟುಕೊಳ್ಳೋಣ. ಪ್ರತಿ ತಂಡದ ಮೇಲೂ ತಲಾ 100 ರೂ. ಬಂದರೆ ಸಂಗ್ರಹ 200 ರೂ. ಗೆದ್ದವರಿಗೆ ಸಲ್ಲುವುದು 190 ರೂ. ಪಂದ್ಯವನ್ನು ಯಾರೇ ಗೆಲ್ಲಲಿ, ವಹಿವಾಟಿನ ಶೇ. 5ರಷ್ಟು ಬುಕ್‌ಮೇಕರ್‌ನ ಪಾಲಾಗುತ್ತದೆ. ಎರಡು ದರಗಳೂ ಸೂಚಿಸುವ ಸಂಭವಗಳನ್ನು ಕೂಡಿದರೆ ಶೇ. 105.26 ಆಗುತ್ತದೆ. ನೂರನ್ನು ಮೀರಿದ ಈ ಭಾಗವೇ ಅಡಗಿರುವ ಲಾಭಾಂಶದ ಗುರುತು.

ಪಣಗಳಲ್ಲಿ ಹಲವು ವಿಧಗಳಿವೆ: ನೇರ ಗೆಲುವಿನ ಪಣ, ಬಲಹೀನ ತಂಡಕ್ಕೆ ಮುಂಗಡ ಅಂಕ ನೀಡುವ ಪಣ, ಒಟ್ಟು ಅಂಕ ನಿಗದಿತ ಸಂಖ್ಯೆಗಿಂತ ಹೆಚ್ಚೋ ಕಡಿಮೆಯೋ ಎಂಬ ಪಣ. ಹಲವು ಫಲಿತಾಂಶಗಳನ್ನು ಒಂದೇ ಪಣದಲ್ಲಿ ಜೋಡಿಸುವ ಕ್ರಮವೂ ಇದೆ. ಎಲ್ಲವೂ ನಿಜವಾದರೆ ಮಾತ್ರ ಗೆಲುವು. ಹೆಚ್ಚು ಆಕರ್ಷಿಸುವುದು ಇದೇ. 1.90 ದರದ ಮೂರು ಪಂದ್ಯಗಳನ್ನು ಜೋಡಿಸಿದರೆ ದೊರೆಯುವ ದರ 6.86, ನ್ಯಾಯವಾಗಿ 8 ಇರಬೇಕಿತ್ತು. ಶೇ. 5ರ ಲಾಭಾಂಶವು ಇಲ್ಲಿ ಶೇ. 14ನ್ನು ಮೀರುತ್ತದೆ.

ಭಾರತದಲ್ಲಿ ಕಾನೂನಿನ ಆಸರೆಯೂ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 30ನೆಯ ಕಲಮಿನಂತೆ ಪಣದ ಒಪ್ಪಂದ ಅನೂರ್ಜಿತ; ಗೆದ್ದ ಹಣಕ್ಕಾಗಿ ದಾವೆ ಹೂಡಲಾಗದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರಲ್ಲಿ ಅಂಗೀಕಾರ ನೀಡಿತು.

ಸಣ್ಣ ಉದ್ಯಮಿಯ ಕೈಯಲ್ಲಿರುವ ನಗದು ಬಹುತೇಕ ಕಚ್ಚಾ ಸಾಮಗ್ರಿ ಪೂರೈಸಿದವರಿಗೂ ಕಾರ್ಮಿಕರಿಗೂ ಸಲ್ಲಬೇಕಾದುದು. ಸಾವಿರ ರೂಪಾಯಿಯಂತೆ ನೂರು ಬಾರಿ 1.90 ದರದಲ್ಲಿ ಪಣ ಕಟ್ಟಿ, ಐವತ್ತು ಬಾರಿ ಗೆದ್ದರೂ ಒಂದು ಲಕ್ಷದಲ್ಲಿ ಮರಳುವುದು 95,000 ರೂ. ಮಾತ್ರ. ಅರ್ಧದಷ್ಟು ಸಲ ಗೆದ್ದವನಿಗೂ ನಷ್ಟವನ್ನೇ ಉಳಿಸುವ ಈ ವಹಿವಾಟಿಗೆ ದುಡಿಯುವ ಬಂಡವಾಳವನ್ನು ತೊಡಗಿಸುವುದು ವಿವೇಕವೆನಿಸದು.