ಚಿತ್ರವನ್ನು ನೆನಪಿಡದ ಯಂತ್ರಕ್ಕೆ ಹೊಸ ಆಟಗಳು

ಅಟಾರಿ 2600 ಎಂಬ ವಿಡಿಯೊ ಗೇಮ್ ಯಂತ್ರವು 1977ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದು, ಸುಮಾರು ಮೂರು ಕೋಟಿಯಷ್ಟು ಮಾರಾಟವಾಗಿ, 1992ರ ಜನವರಿಯಲ್ಲಿ ಅಧಿಕೃತವಾಗಿ ತೆರೆಮರೆಗೆ ಸರಿಯಿತು. ಅದಾಗಿ ಮೂರೇ ವರ್ಷಗಳಲ್ಲಿ, ಅಂದರೆ 1995ರಲ್ಲಿ, ಎಡ್ ಫೆಡರ್‌ಮೇಯರ್ ಎಂಬ ಹವ್ಯಾಸಿಯು ಬೀಳುವ ಇಟ್ಟಿಗೆಗಳನ್ನು ಹೊಂದಿಸುವ ‘ಎಡ್‌ಟ್ರಿಸ್ 2600’ ಎಂಬ ಹೊಸ ಆಟವನ್ನು ಅದಕ್ಕಾಗಿ ಬರೆದನು. ಅಲ್ಲಿಂದ ಮುಂದೆ ಈ ಯಂತ್ರಕ್ಕೆ ಹೊಸ ಆಟಗಳು ಬರುವುದು ನಿಂತೇ ಇಲ್ಲ. ತಯಾರಕ ಕಂಪನಿಯ ನೆರವಿಲ್ಲದೆ ಹವ್ಯಾಸಿಗಳು ಹೀಗೆ ರಚಿಸುವ ಆಟಗಳನ್ನು ‘ಹೋಮ್‌ಬ್ರೂ’ ಎಂದು ಕರೆಯುತ್ತಾರೆ. ಇದಕ್ಕೆಲ್ಲ ಬಾಲ್ಯದ ಮೇಲಿನ ಮೋಹವೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಮೋಹವು ಹಳೆಯ ಯಂತ್ರವನ್ನು ಕಪಾಟಿನಲ್ಲಿ ಜೋಪಾನ ಮಾಡಿಸಬಲ್ಲದೇ ಹೊರತು, ಅದರ ಮುಂದೆ ತಿಂಗಳುಗಟ್ಟಲೆ ಕುಳಿತು ಹೊಸದನ್ನು ಬರೆಸುವುದಕ್ಕೆ ಸಾಲದು. ಅದಕ್ಕೆ ಕಾರಣವನ್ನು ಯಂತ್ರದ ರಚನೆಯಲ್ಲಿಯೇ ಹುಡುಕಬೇಕಾಗುತ್ತದೆ.

ಯಂತ್ರದ ಮಿದುಳು 6507 ಎಂಬ ಪ್ರೊಸೆಸರ್. ಆ ಕಾಲದ ಪ್ರಸಿದ್ಧ 6502 ಚಿಪ್ಪಿನದೇ ಅಗ್ಗದ ರೂಪವಾದ ಇದು ಸೆಕೆಂಡಿಗೆ ಸುಮಾರು 11.9 ಲಕ್ಷ ಬಾರಿ ಮಿಡಿಯುತ್ತದೆ, ಅಂದರೆ ಇದರ ವೇಗ 1.19 ಮೆಗಾಹರ್ಟ್ಸ್. ಆಟದ ಆದೇಶಗಳು ಕಾರ್ಟ್ರಿಜ್ ಎಂಬ ಪ್ಲಾಸ್ಟಿಕ್ ಡಬ್ಬಿಯೊಳಗಿನ ಚಿಪ್ಪಿನಲ್ಲಿರುತ್ತವೆ ಮತ್ತು ಯಂತ್ರವು ಒಂದು ಸಲಕ್ಕೆ ಅದರಲ್ಲಿ 4 ಕಿಲೋಬೈಟ್‌ಗಳನ್ನು ಮಾತ್ರ ನೋಡಬಲ್ಲದು. ಆಟ ನಡೆಯುವಾಗ ಬದಲಾಗುತ್ತ ಹೋಗುವ ಸಂಗತಿಗಳನ್ನು, ಎಂದರೆ ಅಂಕಗಳು, ಉಳಿದ ಜೀವಗಳು, ಶತ್ರುಗಳ ಸ್ಥಾನ ಮುಂತಾದವನ್ನು ಬರೆದುಕೊಳ್ಳಲು ಇರುವ ಸ್ಮೃತಿ 128 ಬೈಟ್ ಅಷ್ಟೆ. ಇಂದಿನ ಗಣಕಗಳು ಬಳಸುವ ಯುಟಿಎಫ್-8 ಸಂಕೇತದಲ್ಲಿ ‘ಕನ್ನಡ’ ಎಂಬ ಪದ 15 ಬೈಟ್ ಹಿಡಿಯುವುದರಿಂದ, ಆ ಪದವನ್ನು ಎಂಟು ಬಾರಿ ಬರೆಯುವಷ್ಟರಲ್ಲಿ ಈ ಯಂತ್ರದ ನೆನಪು ಬಹುತೇಕ ತುಂಬಿಹೋಗುತ್ತದೆ.

ಇಷ್ಟು ಕಡಿಮೆ ಸ್ಮೃತಿಯಲ್ಲಿ ಚಿತ್ರವನ್ನು ಎಲ್ಲಿಡಬೇಕು ಎಂಬ ಪ್ರಶ್ನೆಯಿಂದಲೇ ಯಂತ್ರದ ವೈಶಿಷ್ಟ್ಯ ಹುಟ್ಟುತ್ತದೆ. ಅದರ ತೆರೆಯ ಮೇಲೆ ಅಡ್ಡಲಾಗಿ 160 ಚುಕ್ಕೆಗಳೂ ಕೆಳಮುಖವಾಗಿ ಸುಮಾರು 192 ಗೆರೆಗಳೂ ಕಾಣುತ್ತವೆ; ಚುಕ್ಕೆಗೆ ಒಂದೇ ಬಿಟ್ ಎಂದು ಲೆಕ್ಕ ಹಾಕಿದರೂ ಇಡೀ ಚಿತ್ರಕ್ಕೆ 3,840 ಬೈಟ್ ಬೇಕು, ಅಂದರೆ ಇರುವುದರ ಮೂವತ್ತು ಪಟ್ಟು. ಸ್ಮೃತಿಯ ಚಿಪ್ಪುಗಳು ದುಬಾರಿಯಾಗಿದ್ದ ಕಾಲದಲ್ಲಿ ವಿನ್ಯಾಸಕಾರರು ಚಿತ್ರವನ್ನು ಸಂಗ್ರಹಿಸುವ ಯೋಚನೆಯನ್ನೇ ಕೈಬಿಟ್ಟರು. ಹಳೆಯ ಟಿವಿಯಲ್ಲಿ ಎಲೆಕ್ಟ್ರಾನ್ ಕಿರಣವೊಂದು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಗೆರೆ ಎಳೆಯುತ್ತ ಚಿತ್ರ ಮೂಡಿಸುತ್ತದೆ. ಅಮೆರಿಕದ ಪದ್ಧತಿಯಲ್ಲಿ 262 ಗೆರೆಗಳ ಈ ಓಟ ಸೆಕೆಂಡಿಗೆ ಸುಮಾರು 60 ಬಾರಿ, ಭಾರತವೂ ಅನುಸರಿಸಿದ ಪಾಲ್ ಪದ್ಧತಿಯಲ್ಲಿ 312 ಗೆರೆಗಳ ಓಟ 50 ಬಾರಿ ನಡೆಯುತ್ತದೆ. ಜೇ ಮೈನರ್ ಮೊದಲಾದವರು ರೂಪಿಸಿದ ಟಿಐಎ ಎಂಬ ಚಿಪ್ಪು ಆ ಕಿರಣಕ್ಕೆ ಈ ಕ್ಷಣ ಯಾವ ಬಣ್ಣವೆಂದು ಹೇಳುತ್ತದೆಯಾದರೂ, ಅದಕ್ಕೆ ಗೊತ್ತಿರುವುದು ಸದ್ಯದ ಒಂದು ಗೆರೆ ಮಾತ್ರ. ಮುಂದಿನ ಗೆರೆ ಬೇರೆ ರೀತಿ ಕಾಣಬೇಕಾದರೆ, ಆಟದ ಪ್ರೋಗ್ರಾಂ ಕಿರಣ ಅಲ್ಲಿಗೆ ತಲುಪುವುದರೊಳಗೆ ಟಿಐಎಯ ಒಳಗಿನ ಸೂಚನೆಗಳನ್ನು ಬದಲಿಸಿರಬೇಕು.

ಒಂದು ಗೆರೆಗೆ ಪ್ರೊಸೆಸರ್‌ಗೆ ಸಿಗುವುದು 76 ಮಿಡಿತಗಳು. ಅತಿ ಚಿಕ್ಕ ಆದೇಶಕ್ಕೂ ಎರಡು ಮಿಡಿತ ಬೇಕು, ಟಿಐಎಗೆ ಒಂದು ಬೈಟ್ ಬರೆಯಲು ಮೂರು. ಅಷ್ಟರಲ್ಲಿ ಕಿರಣವು ಒಂಬತ್ತು ಚುಕ್ಕೆ ಮುಂದೆ ಹೋಗಿರುತ್ತದೆ. ಟಿಐಎ ತಾನಾಗಿ ತೋರಿಸಬಲ್ಲ ಚಲಿಸುವ ವಸ್ತುಗಳು ಐದೇ: ಎಂಟು ಚುಕ್ಕೆ ಅಗಲದ ಎರಡು ಆಟಗಾರ ಆಕೃತಿಗಳು, ಎರಡು ಗುಂಡುಗಳು, ಒಂದು ಚೆಂಡು. ಟ್ಯಾಂಕ್ ಕಾಳಗ ಮತ್ತು ಪಾಂಗ್‌ನಂಥ ಆಟಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಪಟ್ಟಿ ಇದೆಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಇವುಗಳ ಅಡ್ಡ ಸ್ಥಾನವನ್ನು ಸಂಖ್ಯೆಯಾಗಿ ಬರೆದಿಡುವ ಅನುಕೂಲವೂ ಇಲ್ಲ. ಕಿರಣ ಬೇಕಾದ ಜಾಗಕ್ಕೆ ಬಂದ ಕ್ಷಣಕ್ಕೇ ‘ಇಲ್ಲಿ’ ಎಂದು ಆದೇಶ ಕೊಡಬೇಕು, ಆಮೇಲೆ ಎಚ್‌ಮೂವ್ ಎಂಬ ಇನ್ನೊಂದು ಆದೇಶದಿಂದ ಏಳೆಂಟು ಚುಕ್ಕೆಗಳಷ್ಟು ಆಚೀಚೆ ಸರಿಸಿಕೊಳ್ಳಬೇಕು. ಎಚ್‌ಮೂವ್ ಬಳಸಿದ ಗೆರೆಯ ಎಡ ಅಂಚಿನಲ್ಲಿ ಎಂಟು ಚುಕ್ಕೆಗಳ ಕಪ್ಪು ಪಟ್ಟಿಯೊಂದು ಉಳಿಯುತ್ತದೆ. ಆಕ್ಟಿವಿಷನ್ ಕಂಪನಿಯವರು ಪ್ರತಿ ಗೆರೆಯಲ್ಲೂ ಅದನ್ನು ಬಳಸಿ, ಹರಕು ಹಲ್ಲಿನಂತೆ ಕಾಣುವ ಆ ದೋಷವನ್ನು ನೇರವಾದ ಕಪ್ಪು ಅಂಚಾಗಿ ಮಾಡಿಬಿಟ್ಟರು. ಅದೇ ಆದೇಶವನ್ನು ಹಿಂದಿನ ಗೆರೆಯ ತೀರ ಕೊನೆಯ ಮಿಡಿತಗಳಲ್ಲಿ ಕೊಟ್ಟರೆ ಪಟ್ಟಿಯೇ ಮೂಡುವುದಿಲ್ಲವೆಂಬ ಗುಟ್ಟು ಇಂದಿನ ಹವ್ಯಾಸಿಗಳಿಗೆ ದಿನಬಳಕೆಯ ವಿದ್ಯೆ.

ಚಿತ್ರ ಬಿಡಿಸುವ ಹೊಣೆ ಪೂರ್ತಿಯಾಗಿ ಪ್ರೋಗ್ರಾಂ ಮೇಲೆಯೇ ಬಿದ್ದುದರಿಂದ, ಈ ಯಂತ್ರದ ಸಾಮರ್ಥ್ಯದ ಮಿತಿಯನ್ನು ಚಿಪ್ಪುಗಳು ಕೊನೆಯದಾಗಿ ನಿರ್ಧರಿಸಲೇ ಇಲ್ಲ. 1979ರ ‘ವಿಡಿಯೊ ಚೆಸ್’ ಇದಕ್ಕೆ ಒಳ್ಳೆಯ ನಿದರ್ಶನ. ಒಂದೇ ಸಾಲಿನಲ್ಲಿ ಎಂಟು ಕಾಯಿಗಳನ್ನು ತೋರಿಸುವುದು ಐದು ವಸ್ತುಗಳ ಯಂತ್ರಕ್ಕೆ ಆಗದ ಮಾತಾಗಿದ್ದರೂ, ಒಂದು ಗೆರೆಯಲ್ಲಿ ನಾಲ್ಕು, ಮುಂದಿನ ಗೆರೆಯಲ್ಲಿ ಉಳಿದ ನಾಲ್ಕು ಎಂದು ಹಂಚಿ ಅದನ್ನು ಸಾಧಿಸಲಾಯಿತು. ಚಿತ್ರ ಬಿಡಿಸುತ್ತಲೇ ಮುಂದಿನ ನಡೆಯನ್ನು ಯೋಚಿಸಲು ಪ್ರೊಸೆಸರ್‌ಗೆ ಬಿಡುವಿಲ್ಲವಾದ್ದರಿಂದ, ಯಂತ್ರವು ಯೋಚಿಸುವಾಗ ಹಲಗೆಯೇ ತೆರೆಯಿಂದ ಮಾಯವಾಗುತ್ತದೆ! ಇದಕ್ಕೆ ವಿರುದ್ಧವಾದ ಉದಾಹರಣೆ 1982ರ ‘ಪ್ಯಾಕ್-ಮ್ಯಾನ್’: ನಾಲ್ಕು ಭೂತಗಳನ್ನು ಚಿತ್ರಕ್ಕೊಂದರಂತೆ ಸರದಿಯಲ್ಲಿ ತೋರಿಸಿದ್ದರಿಂದ ಅವು ಕಣ್ಣಿಗೆ ಕಿರಿಕಿರಿಯಾಗುವಷ್ಟು ಮಿನುಗಿದವು. ಅದೇ 4 ಕಿಲೋಬೈಟ್‌ನಲ್ಲಿ ಅದಕ್ಕಿಂತ ಎಷ್ಟೋ ಮೇಲಾದ ಪ್ಯಾಕ್-ಮ್ಯಾನ್ ಸಾಧ್ಯವೆಂಬುದನ್ನು ಹವ್ಯಾಸಿಗಳು ದಶಕಗಳ ನಂತರ ಬರೆದೇ ತೋರಿಸಿದರು.

ಇನ್ನೊಂದು ಕಾರಣ, ಯಂತ್ರಕ್ಕೆ ಬೀಗವಿಲ್ಲದಿರುವುದು. 1979ರಲ್ಲಿ ಅಟಾರಿಯನ್ನು ತೊರೆದ ನಾಲ್ವರು ಪ್ರೋಗ್ರಾಮರ್‌ಗಳು ಆಕ್ಟಿವಿಷನ್ ಕಟ್ಟಿ ಅದೇ ಯಂತ್ರಕ್ಕೆ ಕಾರ್ಟ್ರಿಜ್ ಮಾರತೊಡಗಿದಾಗ, ಅಟಾರಿಗೆ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಬಿಟ್ಟರೆ ಬೇರೆ ಉಪಾಯವಿರಲಿಲ್ಲ; ವ್ಯಾಜ್ಯವು ರಾಜಿಯಲ್ಲಿ ಮುಗಿಯಿತು. 1985ರಲ್ಲಿ ಅಮೆರಿಕಕ್ಕೆ ಬಂದ ನಿಂಟೆಂಡೊ ಯಂತ್ರವು ಈ ಪಾಠ ಕಲಿತು, ಪರವಾನಗಿಯಿಲ್ಲದ ಕಾರ್ಟ್ರಿಜ್‌ಗಳನ್ನು ತಡೆಯುವ ಚಿಪ್ಪನ್ನು ಒಳಗಿಟ್ಟುಕೊಂಡೇ ಬಂದಿತು. ಅಟಾರಿ 2600 ಮಾತ್ರ ಸರಿಯಾದ ತಂತಿಗಳಿಗೆ ಸರಿಯಾದ ಸಂಕೇತ ಕೊಟ್ಟ ಯಾರನ್ನೂ ಕೇಳದೆ ಒಳಗೆ ಬಿಡುತ್ತದೆ.

ಕೆಲಸದ ಸಲಕರಣೆಗಳಾದರೂ ಹೆಚ್ಚಿಲ್ಲ. ಪ್ರೊಸೆಸರ್‌ನ ಪ್ರತಿ ಆದೇಶವನ್ನೂ ಚಿಕ್ಕ ಸಂಕೇತಪದದಿಂದ ಸೂಚಿಸುವ ಅಸೆಂಬ್ಲಿ ಭಾಷೆಯಲ್ಲಿ ಬರೆದದ್ದನ್ನು ಡ್ಯಾಸ್ಮ್ ಎಂಬ ತಂತ್ರಾಂಶ ಯಂತ್ರಭಾಷೆಗೆ ಪರಿವರ್ತಿಸುತ್ತದೆ. ಸ್ಟೆಲ್ಲಾ ಎಂಬ ಎಮ್ಯುಲೇಟರ್, ಅಂದರೆ ಒಂದು ಯಂತ್ರದ ನಡತೆಯನ್ನು ಇನ್ನೊಂದರಲ್ಲಿ ಅನುಕರಿಸುವ ತಂತ್ರಾಂಶ, ಅದನ್ನು ಓಡಿಸಿ ಕಿರಣವು ಯಾವ ಚುಕ್ಕೆಯ ಮೇಲಿದ್ದಾಗ ಯಾವ ಆದೇಶ ನಡೆಯಿತೆಂದು ತೋರಿಸುತ್ತದೆ. ಅಸೆಂಬ್ಲಿ ಕಠಿಣವೆನಿಸಿದವರಿಗೆ ಬಟಾರಿ ಬೇಸಿಕ್ ಎಂಬ ಸುಲಭ ಭಾಷೆಯಿದೆ. 1970ರ ದಶಕದ ವೃತ್ತಿಪರ ಪ್ರೋಗ್ರಾಮರ್‌ಗೆ ಇಂಥ ಸೌಲಭ್ಯದ ಕನಸೂ ಇದ್ದಿರಲಾರದು. ಮೈಕ್ರೋಸಾಫ್ಟ್‌ನಲ್ಲಿ ಆಟಗಳ ಪ್ರಕಾಶನದ ಮುಖ್ಯಸ್ಥನಾಗಿದ್ದ ಎಡ್ ಫ್ರೈಸ್ 2010ರಲ್ಲಿ ‘ಹೇಲೋ’ ಆಟವನ್ನು 4 ಕಿಲೋಬೈಟ್‌ಗೆ ಇಳಿಸಿ ‘ಹೇಲೋ 2600’ ಬರೆದನು. 2013ರಲ್ಲಿ ಅದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಅಮೆರಿಕನ್ ಕಲಾ ಸಂಗ್ರಹಾಲಯದ ಸಂಗ್ರಹಕ್ಕೆ ಸೇರಿತು.

ಇತ್ತೀಚಿನ ಕೆಲವು ಆಟಗಳು ಕಾರ್ಟ್ರಿಜ್‌ನೊಳಗೇ ಹತ್ತಾರು ಮೆಗಾಹರ್ಟ್ಸ್ ವೇಗದ ಎಆರ್‌ಎಂ ಪ್ರೊಸೆಸರ್ ಒಂದನ್ನು ಇಟ್ಟುಕೊಂಡು ಬರುತ್ತವೆ. ಇದು ಮೋಸವೇ ಎಂಬ ಚರ್ಚೆ ಆಸಕ್ತರಲ್ಲಿ ಇದ್ದೇ ಇದೆ. ಆಕ್ಟಿವಿಷನ್‌ನ ಡೇವಿಡ್ ಕ್ರೇನ್ 1984ರಲ್ಲೇ ‘ಪಿಟ್‌ಫಾಲ್ 2’ ಕಾರ್ಟ್ರಿಜ್‌ನಲ್ಲಿ ಚಿತ್ರ ಮತ್ತು ಸಂಗೀತಕ್ಕೆ ನೆರವಾಗುವ ಚಿಪ್ಪನ್ನು ಇಟ್ಟಿದ್ದನ್ನು ನೆನೆದರೆ, ಪರಂಪರೆಯ ಹೆಸರಿನಲ್ಲಿ ಆಕ್ಷೇಪಿಸುವುದು ಕಷ್ಟ. ಅಲ್ಲದೆ, ಹೊಸ ಪ್ರೊಸೆಸರ್ ಎಷ್ಟೇ ವೇಗವಾಗಿ ಲೆಕ್ಕ ಮಾಡಿಕೊಟ್ಟರೂ ಆ ಫಲಿತಾಂಶವನ್ನು ಟಿಐಎಗೆ ಬರೆಯಬೇಕಾದದ್ದು ಹಳೆಯ 6507 ತಾನೇ. ಗೆರೆಗೆ 76 ಮಿಡಿತಗಳೆಂಬ ನಿಯಮ ಅದರಿಂದ ಸಡಿಲವಾಗುವುದಿಲ್ಲ.

2023ರಲ್ಲಿ ಅಟಾರಿ ಹೆಸರಿನ ಇಂದಿನ ಕಂಪನಿಯೇ ‘ಮಿಸ್ಟರ್ ರನ್ ಅಂಡ್ ಜಂಪ್’ ಎಂಬ ಹೊಸ ಕಾರ್ಟ್ರಿಜ್ ಹೊರತಂದಿತು ಮತ್ತು ಹಳೆಯ ಕಾರ್ಟ್ರಿಜ್‌ಗಳನ್ನು ಇಂದಿನ ಟಿವಿಗಳಲ್ಲಿ ಆಡಿಸುವ 2600+ ಎಂಬ ಯಂತ್ರವನ್ನೂ ಮಾರಾಟಕ್ಕಿಟ್ಟಿತು. ಈ ಯಂತ್ರದಲ್ಲಿ ಹಳೆಯ ಚಿಪ್ಪುಗಳಿಲ್ಲ; ಅದು ಕಾರ್ಟ್ರಿಜ್‌ನಲ್ಲಿರುವುದನ್ನು ಮೊದಲು ನಕಲು ಮಾಡಿಕೊಂಡು ಬಳಿಕ ಎಮ್ಯುಲೇಟರ್‌ನಲ್ಲಿ ಓಡಿಸುತ್ತದೆ. ಹೀಗಾಗಿ, ಯಂತ್ರದೊಡನೆ ಕ್ಷಣಕ್ಷಣವೂ ಸಂವಾದ ನಡೆಸಬೇಕಾದ ಎಆರ್‌ಎಂ ಕಾರ್ಟ್ರಿಜ್‌ಗಳಲ್ಲಿ ಹಲವು, ಬಿಡುಗಡೆಯ ಹೊತ್ತಿಗೆ ಅದರಲ್ಲಿ ಓಡಲಿಲ್ಲ. 1977ರ ಮೂಲ ಯಂತ್ರದಲ್ಲಿ ಅವೇ ಕಾರ್ಟ್ರಿಜ್‌ಗಳು ಯಾವ ತಕರಾರೂ ಇಲ್ಲದೆ ಓಡುತ್ತಿದ್ದವು.